ಒಂಬತ್ತು ಉಸಿರಿನ ಜಾಗ

ಈ ಕೆಲಸಕ್ಕೆ ಹೊಸತಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು ಯಾವ ಮೈಕು ಒಳ್ಳೆಯದು ಎಂದು. ಉತ್ತರ ಗೊತ್ತಿದೆ, ಆದರೆ ನೀವು ಅದನ್ನು ಕೊಳ್ಳುವ ಹೊತ್ತಿಗೆ ಅದು ಹಳತಾಗಿರುತ್ತದೆ. ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಕತ್ತರಿಸಿ ತೆಗೆದದ್ದನ್ನು ಎಲ್ಲಿ ಇಡಬೇಕು? ಅದಕ್ಕೆ ಉತ್ತರ ಕಲಿಯಲು ನನಗೆ ಎರಡು ತಪ್ಪುಗಳು ಬೇಕಾದವು. ಎರಡೂ ಒಂದೇ ತಪ್ಪು. ನಡುವೆ ಸುಮಾರು ಮೂವತ್ತು ವರ್ಷ.

ನಾನು ಫಳ್ನೀರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದೆ. ಕೆಳಗಿನ ಮಹಡಿಯಲ್ಲಿ ಕ್ಲಿನಿಕ್, ಮೇಲೆ ನಾವು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದು ಮನೆಯವರು ನಂಬಿದ್ದರು. ನಾನು ಭಜನೆ, ಯಕ್ಷಗಾನ, ತುಳು ನಾಟಕಗಳ ಕ್ಯಾಸೆಟ್ ಮಾಡುತ್ತಾ ಉಳಿದೆ. ಪ್ರಯೋಗಶಾಲೆಯಿಂದ ತಂದದ್ದು ಡೈರಿ ಬರೆಯುವ ಅಭ್ಯಾಸ ಒಂದೇ. ದಿನಕ್ಕೆ ನಾಲ್ಕು ಸಾಲು. ಈಗ ಇದನ್ನು ಬರೆಯಲು ಆ ಡೈರಿಗಳನ್ನು ತೆಗೆದರೆ ಒಂದು ಕಿರಿಕಿರಿ: ನನಗೆ ಚೆನ್ನಾಗಿ ನೆನಪಿರುವ ಸಂಗತಿಗಳು ಅದರಲ್ಲಿ ಬೇರೆ ಥರ ಇವೆ. ಹೊಂದದ ಕಡೆ ಎರಡನ್ನೂ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಶೀನ ಸರ್. ಸ್ಟುಡಿಯೋದ ಹಿರಿಯ ಇಂಜಿನಿಯರ್. ದೇರೆಬೈಲಿನಿಂದ ಸೈಕಲ್‌ನಲ್ಲಿ ಬರುತ್ತಿದ್ದರು, ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಬ್ಲೇಡು. ಆಗ ಧ್ವನಿಯನ್ನು ತಿದ್ದುವುದೆಂದರೆ ಸ್ಪೂಲ್ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಮತ್ತೆ ಅಂಟಿಸುವುದು. ಕೆಮ್ಮು, ಕುರ್ಚಿ ಕಿರುಗುಟ್ಟಿದ್ದು, ಗಾಯಕರು ಉಸಿರು ಎಳೆದುಕೊಂಡದ್ದು ಎಲ್ಲವನ್ನೂ ತೆಗೆಯುತ್ತಿದ್ದೆವು. ಇದಕ್ಕೆ ನಮ್ಮಲ್ಲಿ "ಕಸ ತೆಗೆಯುವುದು" ಎಂದು ಹೆಸರು. ಆದರೆ ಕತ್ತರಿಸಿದ ತುಂಡನ್ನು ಶೀನ ಸರ್ ಕಸದ ಬುಟ್ಟಿಗೆ ಹಾಕಲು ಬಿಡುತ್ತಿರಲಿಲ್ಲ. ಮಿಷನ್ನಿನ ಹಿಂದೆ ಒಂದು ನೈಲಾನ್ ಹಗ್ಗ ಕಟ್ಟಿದ್ದರು, ಬಟ್ಟೆ ಒಣಗಿಸುವ ಕ್ಲಿಪ್ ಸಮೇತ. ಪ್ರತಿ ತುಂಡಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿ ಅದರಲ್ಲಿ ತೂಗುಹಾಕಬೇಕು. ಕ್ಯಾಸೆಟ್ ಅಂಗಡಿಗೆ ಹೋದ ಮೇಲೆಯೇ ಹಗ್ಗ ಖಾಲಿ ಮಾಡಬೇಕು.

ನನ್ನ ಮೊದಲ ತಪ್ಪು ಒಂದು ತುಳು ಹಾಸ್ಯ ನಾಟಕದ್ದು. ಮುಖ್ಯ ನಟ ಒಂದು ಮಾತಿನ ನಡುವೆ ಸುಮ್ಮನಾಗಿಬಿಟ್ಟಿದ್ದ. ಪಾಪ, ಮಾತು ಮರೆತಿದ್ದಾನೆ ಎಂದುಕೊಂಡು ನಾನು ಆ ಖಾಲಿಯನ್ನು ಕತ್ತರಿಸಿ ಎರಡೂ ತುದಿ ಅಂಟಿಸಿದೆ. ಎಷ್ಟು ನಾಜೂಕಾಗಿ ಎಂದರೆ ಜೋಡಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಮರುದಿನ ಅವನು ಬಂದು ಕೇಳಿದ. ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿ ತುಳುವಿನಲ್ಲಿ ಕೇಳಿದ: "ಎನ್ನ ತೆಲಿಕೆ ಓಲು?"

ನನ್ನ ನಗು ಎಲ್ಲಿ? ನಗು ಇದ್ದದ್ದು ಆ ಖಾಲಿಯಲ್ಲಿ. ಅವನು ಜನರನ್ನು ಕಾಯಿಸಿ, ಕಾಯಿಸಿ, ಆಮೇಲೆ ಮಾತು ಬಿಡುವವನು. ಶೀನ ಸರ್ ಹಗ್ಗದಿಂದ ಮೊಳದುದ್ದದ ತುಂಡನ್ನು ಬಿಡಿಸಿ ತಂದು ಮತ್ತೆ ಅಂಟಿಸಿದರು. ನಟ ಕೇಳಿ ತಾನೇ ನಕ್ಕ.

"ನೋಡು ವಿಮಲಾ," ಅವನು ಹೋದ ಮೇಲೆ ಸರ್ ಹೇಳಿದರು, "ನಿನಗೆ ಅರ್ಥ ಆಗದ್ದೆಲ್ಲ ಕಸ ಅಲ್ಲ. ಅರ್ಥ ಆಗದಿದ್ರೆ ಹಗ್ಗಕ್ಕೆ ಹಾಕು."

ಆಮೇಲೆ ಕಂಪ್ಯೂಟರ್ ಬಂತು. ಬ್ಲೇಡು ಹೋಯಿತು, ಅಂಟು ಹೋಯಿತು, ಹಗ್ಗವೂ ಹೋಯಿತು. ಬದಲಾವಣೆ ನನಗೆ ಇಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು. ಎಂಟು ಮೈಕಿನ ಧ್ವನಿಯನ್ನು ಬೇರೆ ಬೇರೆ ಗೆರೆಗಳಾಗಿ ಕಣ್ಣಿನಿಂದ ನೋಡಬಹುದು! ಕಸ ತೆಗೆಯುವುದು ಕಿವಿಯ ಕೆಲಸವಾಗಿದ್ದದ್ದು ಕಣ್ಣಿನ ಕೆಲಸವಾಯಿತು. ಇದರ ಅಪಾಯ ನನಗೆ ಬಹಳ ಕಾಲ ಹೊಳೆಯಲಿಲ್ಲ.

ನಿವೃತ್ತಿಗೆ ಸ್ವಲ್ಪ ಮೊದಲು ಮೂವರು ಹುಡುಗರು ಬಂದರು. ಡ್ರಮ್ ಬಾರಿಸುವವನು ಧೀರಜ್, ಗಿಟಾರಿನವನು ಶಕ್ತಿನಗರದ ಪ್ರಜ್ವಲ್, ಹಾಡುವವನು ಸಫ್ವಾನ್. ಸಫ್ವಾನನ ತಂದೆಗೆ ಬಟ್ಟೆ ಅಂಗಡಿ. ಇವನು ಬೆಳಗ್ಗಿನಿಂದ ಸಂಜೆವರೆಗೆ ಅಲ್ಲಿ ಸೀರೆ ಬಿಡಿಸಿ ತೋರಿಸುವವನು. ಮಾತು ಎಷ್ಟು ಮೆಲ್ಲಗೆ ಎಂದರೆ ನಾನು ಎರಡು ಸಲ "ಹಾಂ?" ಎನ್ನಬೇಕಾಯಿತು.

"ನಮ್ಮದು ಟೆಕ್ನಿಕಲ್ ಬ್ರೂಟಲ್ ಡೆತ್ ಮೆಟಲ್, ಅಕ್ಕ," ಎಂದ.

"ಅದು ಎಂತದು ಮಾರಾಯ?"

"ಸ್ವಲ್ಪ ಜೋರು ಇರ್ತದೆ."

ಪ್ರಜ್ವಲ್ ಸೇರಿಸಿದ: "ಸ್ವಲ್ಪ ಫಾಸ್ಟೂ ಇರ್ತದೆ."

ಹಾಡಿನ ಹೆಸರು "ಫಿಶ್‌ಮೀಲ್". ಮೀನು ಹುಡಿ ಮಾಡುವ ಕಾರ್ಖಾನೆಯಲ್ಲಿ ಅರೆಯಲ್ಪಟ್ಟ ಬೂತಾಯಿ ಮೀನುಗಳು ಎದ್ದು ಬಂದು ಮನುಷ್ಯರನ್ನು ಅರೆಯುವ ಕಥೆ. ಸಾಹಿತ್ಯ ಸಫ್ವಾನನದೇ. ಓದಿ ನನಗೆ ನಗು ಬಂತು. ಮೀನು ಹುಡಿಯ ನಾತ ಹೊತ್ತು ಬಂದರಿನ ಗಾಳಿ ನಮ್ಮ ಕಡೆ ತಿರುಗಿದ ದಿನ ನನಗೂ ಹಾಗೇ ಅನ್ನಿಸಿದ್ದುಂಟು. ಮನೆಯಲ್ಲಿ ಎಂತ ಹೇಳಿದ್ದೀ ಎಂದು ಕೇಳಿದೆ. "ಉಮ್ಮನಿಗೆ ಮದುವೆ ಹಾಡು ಅಂತ ಹೇಳಿದ್ದೇನೆ. ಗಂಟಲಿಗೆ ಶುಂಠಿ ಕಷಾಯ ಕೊಟ್ಟಿದ್ದಾರೆ," ಎಂದು ಫ್ಲಾಸ್ಕ್ ತೋರಿಸಿದ.

ಈಗ ಕೆಲಸದ ವಿಷಯ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಕೆಲವರ ಹತ್ತಿರ ಇಂಥ ಹುಡುಗರು ಬಂದೇ ಬರುತ್ತಾರೆ. ಈ ಸಂಗೀತವನ್ನು ಗಲಾಟೆ ಎಂದುಕೊಂಡರೆ ಕೆಟ್ಟಿರಿ. ಧೀರಜನ ಎರಡು ಕಾಲು, ಎರಡು ಕೈ ನಿಮಿಷಕ್ಕೆ ಇನ್ನೂರ ನಲವತ್ತು ಎಣಿಕೆಯಲ್ಲಿ ಓಡುತ್ತವೆ. ಒಂದು ಎಣಿಕೆಗೆ ನಾಲ್ಕು ಪೆಟ್ಟು. ಆ ವೇಗದಲ್ಲಿ ಕೋಣೆಯ ಪ್ರತಿಧ್ವನಿ ಒಂದು ಪೆಟ್ಟಿನ ಬಾಲವನ್ನು ಮುಂದಿನದರ ಮೇಲೆ ಚೆಲ್ಲುತ್ತದೆ, ಎಲ್ಲ ಸೇರಿ ಮಿಕ್ಸಿಯಲ್ಲಿ ಕಡೆದ ಹಾಗೆ ಆಗುತ್ತದೆ. ನಾನು ಮನೆಯಿಂದ ಹಳೆಯ ಹತ್ತಿ ಹಾಸಿಗೆಗಳನ್ನು ತರಿಸಿ ಗೋಡೆಗೆ ನಿಲ್ಲಿಸಿದೆ. ಪ್ರಜ್ವಲನ ಗಿಟಾರಿನ ತಂತಿಗಳನ್ನು ಸಡಿಲಿಸಿ ಬಹಳ ಕೆಳಗಿನ ಶ್ರುತಿಗೆ ಇಳಿಸಿರುತ್ತಾರೆ. ಡ್ರಮ್ಮಿನ ಕಾಲ್ಪೆಟ್ಟು ಇರುವುದೂ ಅದೇ ತಳದಲ್ಲಿ. ಇಬ್ಬರನ್ನೂ ಅಲ್ಲಿ ಕೂರಿಸಿದರೆ ಯಾರೂ ಕೇಳಿಸುವುದಿಲ್ಲ. ಗಿಟಾರಿನ ತಳವನ್ನು ಸ್ವಲ್ಪ ಕಡಿಮೆ ಮಾಡಿ ಕಾಲಿಗೆ ಜಾಗ ಬಿಡಬೇಕು. ಒಂಟಿಯಾಗಿ ಕೇಳಿದರೆ ಗಿಟಾರ್ ಬಡಕಲಾಗಿರುತ್ತದೆ, ಎಲ್ಲರ ಜೊತೆ ಕೇಳಿದರೆ ದೈತ್ಯ. ಎಡ ಕಿವಿಗೆ ಒಮ್ಮೆ, ಬಲ ಕಿವಿಗೆ ಇನ್ನೊಮ್ಮೆ ಅವನೇ ಬಾರಿಸಬೇಕು. ಒಂದನ್ನೇ ನಕಲು ಮಾಡಿದರೆ ಅಗಲ ಬರುವುದಿಲ್ಲ. ಅಗಲ ಎಂದರೆ ಒಬ್ಬ ಮನುಷ್ಯನ ಎರಡು ಸಲದ ನಡುವಿನ ವ್ಯತ್ಯಾಸ, ಅಷ್ಟೇ.

ಇನ್ನು ಹಾಡು. ಅದು ಕಿರುಚುವುದಲ್ಲ. ಗಂಟಲಿನ ಬಹಳ ಒಳಗೆ, ಮಾತಾಡುವ ಸ್ವರತಂತುಗಳಿಗೂ ಮೇಲಿರುವ ಇನ್ನೊಂದು ಮಡಿಕೆಯನ್ನು ಅದುರಿಸುವುದು. ಎದುರು ನಿಂತರೆ ಸದ್ದು ಅಷ್ಟೇನೂ ದೊಡ್ಡದಲ್ಲ, ಮೈಕಿನಲ್ಲಿ ಭಯಂಕರ. ಪರೀಕ್ಷೆಗೆಂದು ಮೊದಲ ಸಲ ಸಫ್ವಾನ್ ಹಾಡಿದಾಗ ನಾನು ಸ್ಪೀಕರಿನ ಧ್ವನಿ ಜಾಸ್ತಿ ಇಟ್ಟಿದ್ದೆ. ಎರಡು ನಿಮಿಷದಲ್ಲಿ ಕೆಳಗಿನ ಕ್ಲಿನಿಕ್ಕಿನ ನರ್ಸ್ ಮೆಟ್ಟಿಲು ಹತ್ತಿ ಓಡಿ ಬಂದರು, ಕೈಯಲ್ಲಿ ಆಮ್ಲಜನಕದ ಮುಖವಾಡ.

"ಯಾರಿಗೆ ಉಸಿರು ಕಟ್ಟಿದ್ದು?"

"ನನಗೇ ಸಿಸ್ಟರ್," ಎಂದ ಸಫ್ವಾನ್ ಎದ್ದು ನಿಂತು, "ಆದ್ರೆ ಎಂತ ಆಗ್ಲಿಲ್ಲ. ಹಾಡಿದ್ದು."

"ಇದಾ ಹಾಡು!" ಎಂದು ಅವರು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ನೆನಪಿನಲ್ಲಿ ಅವರ ಕೈಯಲ್ಲಿದ್ದದ್ದು ಆಮ್ಲಜನಕದ ಮುಖವಾಡ. ಡೈರಿಯಲ್ಲಿ "ಬಿ.ಪಿ. ಮಿಷನ್" ಎಂದಿದೆ.

ಮೊದಲು ಡ್ರಮ್ ರೆಕಾರ್ಡ್ ಮಾಡಬೇಕು, ಬೇಗ ಮಾಡಬೇಕು. ಧೀರಜನಿಗೆ ಮಸ್ಕತ್ತಿನಲ್ಲಿ ಎಸಿ ಮೆಕ್ಯಾನಿಕ್ ಕೆಲಸ ಸಿಕ್ಕಿತ್ತು. ಎರಡು ವರ್ಷ ರಜೆ ಇಲ್ಲ. ಡ್ರಮ್ ಸೆಟ್ಟನ್ನು ರೆಕಾರ್ಡಿಂಗ್ ಮುಗಿದ ಮರುದಿನವೇ ಉಡುಪಿಯ ಕಡೆಯ ಒಬ್ಬರು ಕೊಂಡೊಯ್ಯುವವರಿದ್ದರು. ಆರು ವರ್ಷ ಒಂದು ಕಾರ್ ಶೆಡ್ಡಿನಲ್ಲಿ ಬಾರಿಸಿದ್ದರಲ್ಲಿ ಉಳಿಯುವುದು ಈ ಒಂದು ಹಾಡು. ಅವನು ಅದನ್ನು ದೊಡ್ಡದು ಮಾಡಿ ಹೇಳಲಿಲ್ಲ. "ಅಕ್ಕ, ಇದೊಂದು ಚೆಂದ ಬರ್ಲಿ. ಅಲ್ಲಿ ರೂಮಲ್ಲಿ ಕೇಳ್ಲಿಕ್ಕೆ," ಎಂದಷ್ಟೇ.

ನಾನು ಮೆಟ್ರೊನೋಮ್ ಹಾಕಿದೆ, ಅಂದರೆ ಕಿವಿಯಲ್ಲಿ ಟಿಕ್ ಟಿಕ್ ಎಂದು ಲೆಕ್ಕ ಹಿಡಿಯುವ ಸದ್ದು. ಮೂರು ಸಲ ಪ್ರಯತ್ನಿಸಿದ, ಮೂರು ಸಲವೂ ಹಾಡಿನ ನಡುಭಾಗದಲ್ಲಿ ತಪ್ಪಿದ. ನಾಲ್ಕನೆಯ ಸಲ ಆ ಟಿಕ್ ಟಿಕ್ ಬಂದ್ ಮಾಡಿಸಿ, "ಸಫ್ವಾ, ಬಾ ನಿಲ್ಲು," ಎಂದು ಕರೆದ. ಸಫ್ವಾನ್ ಎದುರಿಗೆ ನಿಂತು ಸದ್ದಿಲ್ಲದೆ ಬಾಯಿ ಆಡಿಸಿದ. ಮೈಕು ಕೂಡ ಇರಲಿಲ್ಲ.

"ನೀನು ಯಾಕೆ ಅಲ್ಲಿ?" ಎಂದೆ.

"ಅವನಿಗೆ ನನ್ನ ಮುಖ ಬೇಕು ಅಕ್ಕ."

ಸ್ನೇಹ ಎಂದುಕೊಂಡೆ. ಒಂದೇ ಸಲಕ್ಕೆ ಇಡೀ ಹಾಡು ಮುಗಿಯಿತು. ಧೀರಜ್ ಬೆವರು ಒರೆಸಿ ನಕ್ಕ.

ಅವರು ಹೋದ ಮೇಲೆ ನಾನು ಕಸ ತೆಗೆಯಲು ಕುಳಿತೆ. ಪರದೆಯ ಮೇಲೆ ಗೆರೆಗಳು ಸಾಲಾಗಿ ಓಡುತ್ತಾ ಓಡುತ್ತಾ ನಡುಭಾಗದಲ್ಲಿ ಒಂದು ಕಡೆ ಚೂರು ಖಾಲಿ. ಕಣ್ಣು ಮಿಟುಕಿಸುವಷ್ಟು. ಮತ್ತೆ ಓಟ, ಮತ್ತೆ ಖಾಲಿ. ಒಟ್ಟು ಒಂಬತ್ತು. ಒಂದೊಂದೂ ಒಂದೊಂದು ಅಳತೆ, ಯಾವುದೂ ಲೆಕ್ಕಕ್ಕೆ ಕೂರುವುದಿಲ್ಲ. ಮೆಟ್ರೊನೋಮಿಗೆ ತಪ್ಪಿದ್ದೂ ಇದೇ ಜಾಗದಲ್ಲಿ. ಪಾಪ, ಕೈ ಸೋತಿದೆ, ಊರು ಬಿಡುವ ಗಡಿಬಿಡಿ, ಎಂದುಕೊಂಡೆ. ಒಂಬತ್ತನ್ನೂ ಕತ್ತರಿಸಿ ಅಂಟಿಸಿದೆ. ಡ್ರಮ್ಮಿನ ಜೊತೆ ಬರೀ ಗುರುತಿಗೆಂದು ಪ್ರಜ್ವಲ್ ಬಾರಿಸಿದ್ದ ಗಿಟಾರನ್ನೂ ಅದೇ ಅಳತೆಗೆ ಕತ್ತರಿಸಿದೆ. ಈಗ ಓಟ ನೀರಿನ ಹಾಗೆ. ಎಷ್ಟು ಹೆಮ್ಮೆಪಟ್ಟೆ ಎಂದರೆ, ಆ ದಿನದ ಡೈರಿಯಲ್ಲಿ "ಉತ್ತಮ ಕೆಲಸ" ಎಂದು ಅಡಿಗೆರೆ ಹಾಕಿದ್ದೇನೆ. ಡಿಸ್ಕ್ ತುಂಬಿದೆ ಎಂದು ಕಂಪ್ಯೂಟರ್ ಗೊಣಗುತ್ತಿತ್ತು. "ಬಳಸದ ತುಂಡುಗಳನ್ನು ಅಳಿಸಲೇ?" ಎಂದು ಕೇಳಿತು. ಹೌದು ಎಂದೆ. "ಮತ್ತೆ ಸಿಗುವುದಿಲ್ಲ, ಖಚಿತವೇ?" ಎಂದಿತು. ಯಂತ್ರಕ್ಕೂ ನನ್ನಷ್ಟು ಧೈರ್ಯವಿಲ್ಲ ಎಂದು ನಕ್ಕು ಇನ್ನೊಮ್ಮೆ ಹೌದು ಎಂದೆ.

ನಾಲ್ಕು ದಿನ ಕಳೆದು ಪ್ರಜ್ವಲ್ ಗಿಟಾರ್ ಬಾರಿಸಲು ಬಂದ. ಸಫ್ವಾನನೂ ಜೊತೆಗೆ. ನಡುಭಾಗ ಬಂದಾಗ ಪ್ರಜ್ವಲನ ಕೈ ನಿಂತಿತು. ಮತ್ತೆ ಹಾಕಲು ಹೇಳಿದ. ಮತ್ತೆ ನಿಂತಿತು.

"ಅಕ್ಕ, ಇಲ್ಲಿ ಇದ್ದ ಗ್ಯಾಪ್ ಎಲ್ಲಿ ಹೋಯ್ತು?"

"ತೆಗೆದೆ," ಎಂದೆ, ಹೊಗಳಿಕೆಗೆ ಕಾಯುವವಳ ಹಾಗೆ. "ಧೀರಜ್ ಒಂಬತ್ತು ಕಡೆ ತಪ್ಪಿದ್ದ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಸಫ್ವಾನ್ ಮೆಲ್ಲಗೆ ಹೇಳಿದ: "ಅದು ತಪ್ಪಿದ್ದಲ್ಲ ಅಕ್ಕ. ಅದು ನನಗೆ."

"ನಿನಗೆ ಎಂತ?"

"ಉಸಿರಿಗೆ. ನನಗೆ ಚಿಕ್ಕಂದಿನಿಂದ ದಮ್ಮು ಉಂಟು. ಆ ಪಾರ್ಟಲ್ಲಿ ಸಾಲು ಉದ್ದ, ಒಂದೇ ಉಸಿರಲ್ಲಿ ಆಗುದಿಲ್ಲ. ಮೊದಮೊದಲು ನಾನು ಹಿಂದೆ ಬೀಳ್ತಿದ್ದೆ. ಆಮೇಲೆ ಅವನು ನನ್ನ ಮುಖ ನೋಡಿ ನಿಲ್ಲಿಸ್ಲಿಕ್ಕೆ ಶುರು ಮಾಡಿದ. ನಾನು ತೆಗೊಂಡ ಕೂಡ್ಲೇ ಬಿಡ್ತಾನೆ."

"ಬೆಂಗ್ಳೂರಿನ ಹುಡುಗ್ರು ಕೇಳಿ, ಇದು ಯಾವ ಟೈಮ್ ಸಿಗ್ನೇಚರ್, ಯಾವ ತಾಳ ಅಂತ ಪೇಪರ್ ಪೆನ್ ತೆಗೊಂಡು ಕೂತಿದ್ರು," ಎಂದ ಪ್ರಜ್ವಲ್. "ಸಫ್ವಾನನ ದಮ್ಮು ಅಂತ ಹೇಳಿದ್ರೆ ನಂಬ್ಲಿಲ್ಲ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಎನ್ನ ತೆಲಿಕೆ ಓಲು ಎಂದು ಕೇಳಿದವನ ಮುಖ ಕಣ್ಣ ಮುಂದೆ ಬಂತು. "ಒರಿಜಿನಲ್ ಉಂಟಲ್ಲ ಅಕ್ಕ?" ಎಂದ ಪ್ರಜ್ವಲ್. ಅಳಿಸಿದ್ದೇನೆ ಎಂದು ಹೇಳಬೇಕಾಯಿತು. ಡ್ರಮ್ ಸೆಟ್ಟು ಉಡುಪಿ ಸೇರಿತ್ತು. ಧೀರಜನ ವಿಮಾನ ನಾಡಿದ್ದು ಮಧ್ಯಾಹ್ನ.

ಶೀನ ಸರ್‌ಗೆ ಫೋನ್ ಮಾಡಿದೆ. ಅವರು ದೇರೆಬೈಲಿನ ಮನೆಯಲ್ಲಿ ಕಿವಿಗೆ ಮಿಷನ್ ಹಾಕಿಕೊಂಡು ಹಾಯಾಗಿದ್ದರು. ಎಲ್ಲ ಕೇಳಿ ಒಂದೇ ಪ್ರಶ್ನೆ: "ಹಗ್ಗ ಎಲ್ಲಿ?"

"ಹಗ್ಗ ಈಗ ಇಲ್ಲ ಸರ್."

"ಹಾಗಾದ್ರೆ ಆ ಹುಡುಗನನ್ನೇ ಕರಿ. ತುಂಡು ಹೋದ್ರೆ ಹೋಯ್ತು, ತುಂಡಿನ ಧಣಿ ಊರಲ್ಲೇ ಇದ್ದಾನಲ್ಲ."

ಮರುದಿನ ಬೆಳಗ್ಗೆ ಧೀರಜ್ ಬಂದ. ಅರ್ಧ ತುಂಬಿದ ಸೂಟ್‌ಕೇಸ್ ಮನೆಯಲ್ಲಿ ಬಿಟ್ಟು ಬಂದಿದ್ದ. ನಾನು ಹಾಡು ಹಾಕಿದೆ. ನಡುಭಾಗ ಮುಗಿಯುವವರೆಗೆ ಕೇಳಿ, "ಕ್ಲೀನ್ ಉಂಟು ಅಕ್ಕ," ಎಂದ. ಆಮೇಲೆ, "ಆದ್ರೆ ಇದು ನಾನಲ್ಲ."

ಬೈದಿದ್ದರೆ ಸುಲಭವಿತ್ತು. ತಪ್ಪು ನನ್ನದು, ಹೇಗಾದರೂ ಖಾಲಿಗಳನ್ನು ಮತ್ತೆ ತೆರೆಯೋಣ ಎಂದೆ. ಕತ್ತರಿಸಿದ ಜಾಗ ಗೊತ್ತಿತ್ತು. ಎಷ್ಟು ಉದ್ದ ಎಂಬುದು ಗೊತ್ತಿರಲಿಲ್ಲ. ಐದನೆಯದು ಎಲ್ಲಕ್ಕಿಂತ ಉದ್ದ ಎಂದ ಧೀರಜ್. ಅಲ್ಲ, ಏಳನೆಯದು ಎಂದ ಪ್ರಜ್ವಲ್. ನನಗೆ ಎರಡನೆಯದು ಎಂದು ನೆನಪು. ಪರದೆಯ ಮೇಲೆ ಕಣ್ಣಾರೆ ನೋಡಿದ್ದೆ. ಡೈರಿಯಲ್ಲಿ "ಉತ್ತಮ ಕೆಲಸ" ಬಿಟ್ಟರೆ ಬೇರೇನೂ ಇಲ್ಲ. ಐದು ದಿನದ ಹಿಂದಿನ ಸಂಗತಿಗೆ ಮೂರು ಸಾಕ್ಷಿ, ಮೂರು ಹೇಳಿಕೆ. ಆಗ ಸಫ್ವಾನ್ ಹೆಡ್‌ಫೋನ್ ಎತ್ತಿಕೊಂಡ.

"ನೆನಪು ಯಾಕೆ ಬೇಕು? ನಾನು ಈಗ ಹಾಡ್ತೇನಲ್ಲ. ಉಸಿರು ಎಷ್ಟು ಬೇಕೋ ಅಷ್ಟು ಬೇಕು."

ಇನ್ನೊಂದು ತೊಡಕು ಇತ್ತು. ಆ ಖಾಲಿಗಳು ಪೂರ್ತಿ ಖಾಲಿಯಲ್ಲ. ನಿಲ್ಲುವ ಮೊದಲು ಧೀರಜ್ ಹೊಡೆದ ಸಿಂಬಲ್ಲಿನ, ಅಂದರೆ ಕಂಚಿನ ತಟ್ಟೆಯ, ಗುಂಯ್ ಎಂಬ ಬಾಲ ಅದರಲ್ಲಿರುತ್ತದೆ. ಬರೀ ಮೌನ ಇಟ್ಟರೆ ಕರೆಂಟ್ ಹೋದ ಹಾಗೆ ಕೇಳಿಸುತ್ತದೆ.

"ಯಾವ ಸಿಂಬಲ್ ಹೊಡೆದದ್ದು?"

"ಅದೇ ಅಂಚು ಸೀಳಿದ್ದು."

"ಅದೂ ಹೋಯ್ತಾ?"

"ಅದನ್ನು ಯಾರು ತೆಗೊಳ್ತಾರೆ ಅಕ್ಕ! ಅಮ್ಮ ಹಂಡೆಗೆ ಮುಚ್ಚಳ ಮಾಡಿದ್ದಾರೆ."

ಪ್ರಜ್ವಲ್ ಸ್ಕೂಟರಿನಲ್ಲಿ ಹೋಗಿ ಹಂಡೆಯ ಮುಚ್ಚಳ ತಂದ. ಸ್ವಲ್ಪ ಮಸಿ ಹಿಡಿದಿತ್ತು. ಒರೆಸಿ ಸ್ಟ್ಯಾಂಡಿಗೆ ಸಿಕ್ಕಿಸಿದೆವು.

ಹೀಗೆ ಮಾಡಿದೆವು. ಡ್ರಮ್ಮಿನ ಓಟವನ್ನು ಕತ್ತರಿಸಿದ ಜಾಗದವರೆಗೆ ನಾನು ಓಡಿಸುವುದು. ಕೊನೆಯ ಪೆಟ್ಟಿನ ಮೇಲೆ ಧೀರಜ್ ಆ ಸಿಂಬಲ್ ಹೊಡೆಯುವುದು. ಆ ಸಾಲನ್ನು ಹಾಡಿ ಮುಗಿಸಿದ ಸಫ್ವಾನ್ ಅವನ ಎದುರು ನಿಂತು ನಿಜವಾಗಿ ಉಸಿರು ಎಳೆದುಕೊಳ್ಳುವುದು. ಉಸಿರು ತುಂಬಿದ್ದು ಕಂಡ ಕ್ಷಣ ಧೀರಜ್ ತೊಡೆಗೆ ತಟ್ಟುವುದು. ತಟ್ಟಿದಲ್ಲಿಂದ ನಾನು ಮುಂದಿನ ಓಟ ಜೋಡಿಸುವುದು. ನಾನು ಪರದೆ ನೋಡಲಿಲ್ಲ. ಅವರಿಬ್ಬರನ್ನೇ ನೋಡುತ್ತಿದ್ದೆ. ಧೀರಜ್ ಸಫ್ವಾನನ ಬಾಯನ್ನಲ್ಲ, ಭುಜವನ್ನು ನೋಡುತ್ತಾನೆ ಎಂದು ಗೊತ್ತಾದದ್ದು ಆಗ. ಭುಜ ಏರಿ, ಒಂದು ಕೂದಲೆಳೆ ಇಳಿಯುವಾಗ ತಟ್ಟುತ್ತಾನೆ.

ಎಂಟು ಮುಗಿದವು. ಒಂಬತ್ತನೆಯದರಲ್ಲಿ ಸಫ್ವಾನ್ ಎಳೆದ, ಎಳೆದ, ಇನ್ನೂ ಎಳೆಯುತ್ತಲೇ ಇದ್ದ. ಧೀರಜ್ ಕೈ ಮೇಲೆತ್ತಿ ಕಾಯುತ್ತಾ ನಿಂತ. ಕೊನೆಗೆ ತಟ್ಟಿ ಬಯ್ದ:

"ಎಷ್ಟು ಉಸಿರಾ ನಿನಗೆ? ಮಸ್ಕತ್‌ವರೆಗೆ ಸಾಕಾಗುವಷ್ಟಾ?"

"ಇನ್ನು ನನಗೆ ಯಾರು ನಿಲ್ಲಿಸ್ತಾರೆ? ಒಟ್ಟಿಗೇ ತೆಗೊಂಡೆ," ಎಂದ ಸಫ್ವಾನ್. ಪ್ರಜ್ವಲ್ ಗಿಟಾರಿಗೆ ಮುಖ ಇಟ್ಟು ನಗುತ್ತಿದ್ದ, ಅಥವಾ ನಗುವ ಹಾಗೆ ಕಾಣುತ್ತಿದ್ದ.

ಆ ಒಂಬತ್ತನೆಯ ಉಸಿರಿನ ಸದ್ದು ಮೈಕಿನಲ್ಲಿ ಸ್ಪಷ್ಟವಾಗಿ ಬಂದಿದೆ. ಜನ್ಮವಿಡೀ ಗಾಯಕರ ಉಸಿರನ್ನು ಕಸ ಎಂದು ತೆಗೆದವಳು ನಾನು. ಅದನ್ನು ಬಿಟ್ಟೆವು. ಬಿಡೋಣ ಎಂದದ್ದು ಪ್ರಜ್ವಲ್ ಎಂದು ನನ್ನ ನೆನಪು. ನೀವೇ ಅಕ್ಕ ಎಂದು ಅವನು ವಾದಿಸುತ್ತಾನೆ. ಡೈರಿ ಈ ವಿಷಯದಲ್ಲಿ ಮೌನ.

ಅದೇ ಮಧ್ಯಾಹ್ನ ಪ್ರಜ್ವಲ್ ಗಿಟಾರ್ ಬಾರಿಸಿದ, ಸಫ್ವಾನ್ ಉಳಿದ ಸಾಲು ಹಾಡಿದ, ಸಂಜೆಯ ಹೊತ್ತಿಗೆ ನಾನು ಎಲ್ಲವನ್ನೂ ಒಂದು ಹದಕ್ಕೆ ತಂದೆ. ಇನ್ನೂ ತಿದ್ದುವುದು ಬೇಕಾದಷ್ಟಿತ್ತು, ಆದರೆ ಧೀರಜ್ ಹೋಗುವ ಮೊದಲು ಕೇಳಬೇಕಿತ್ತು. ಮರುದಿನ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವರ ಬಾಡಿಗೆ ಕಾರು ಫಳ್ನೀರಿನಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಅವನ ಅಮ್ಮ, ಮಡಿಲಲ್ಲಿ ಬಾಳೆಕಾಯಿ ಚಿಪ್ಸಿನ ಪೊಟ್ಟಣ. ಪೆನ್‌ಡ್ರೈವನ್ನು ಕಾರಿನ ಸ್ಟೀರಿಯೋಕ್ಕೆ ಹಾಕಿದೆವು. ಹಾಡು ಶುರುವಾದ ಕೂಡಲೇ ಅಮ್ಮ, "ಅಯ್ಯೋ ದೇವರೇ, ಯಾರು ಸತ್ತದ್ದು?" ಎಂದರು. "ಮೀನು, ಅಮ್ಮ," ಎಂದ ಸಫ್ವಾನ್ ಗಂಭೀರವಾಗಿ.

ಧೀರಜನ ಬೆರಳು ಡ್ಯಾಶ್‌ಬೋರ್ಡಿನ ಮೇಲೆ ಓಡುತ್ತಿತ್ತು. ನಡುಭಾಗ ಬಂತು. ಬೆರಳು ನಿಂತಿತು, ಬಿತ್ತು. ನಿಂತಿತು, ಬಿತ್ತು. ಎಂಟು ಸಲ. ಒಂಬತ್ತನೆಯ ಸಲ ಕೈ ಗಾಳಿಯಲ್ಲಿ ಉಳಿಯಿತು, ಸ್ಪೀಕರಿನಲ್ಲಿ ಆ ಉದ್ದದ ಉಸಿರು ಬಂತು, ಅದು ಮುಗಿಯುವುದಕ್ಕೂ ಕೈ ಇಳಿಯುವುದಕ್ಕೂ ಡ್ರಮ್ ಶುರುವಾಗುವುದಕ್ಕೂ ಒಂದೇ ಕ್ಷಣ.

ನನಗೆ ನೆನಪಿರುವ ಪ್ರಕಾರ ಅವನು ನನ್ನ ಕಡೆ ತಿರುಗಿ, "ಅಕ್ಕ, ಇದು ನಾನು," ಎಂದ. ಎಷ್ಟೋ ಮಂದಿಗೆ ಹೀಗೆಯೇ ಹೇಳಿದ್ದೇನೆ. ಇದನ್ನು ಬರೆಯುವ ಮೊದಲು ಆ ದಿನದ ಪುಟ ತೆಗೆದು ನೋಡಿದೆ. ಇರುವುದು ಇಷ್ಟು: "ಧೀರಜ್ ಕಾರಿನಲ್ಲಿ ಕೇಳಿದ. 'ಹಾಂ, ಸರಿ ಉಂಟು' ಎಂದ. ನನಗೆ ಅರ್ಧ ಪೊಟ್ಟಣ ಚಿಪ್ಸ್ ಕೊಟ್ಟ. ಬರುವಾಗ ನೈಲಾನ್ ಹಗ್ಗ ತಂದೆ."

ಹಗ್ಗ ಮಾತ್ರ ನಿಜ. ಈಗಲೂ ಸ್ಟುಡಿಯೋದ ಕಂಪ್ಯೂಟರಿನ ಹಿಂದೆ, ಅದು "ಅಳಿಸಲೇ?" ಎಂದು ಕೇಳುವಾಗ ಕಣ್ಣಿಗೆ ಬೀಳುವ ಹಾಗೆ, ಖಾಲಿಯಾಗಿ ತೂಗುತ್ತಿದೆ, ಕ್ಲಿಪ್ ಸಮೇತ.